ನೀರಿನಿಂದ ತಂಪಾಗುವ ಗೇಮಿಂಗ್ ಪಿಸಿ ಕಾದರೆ: ರೇಡಿಯೇಟರ್, ಫ್ಯಾನ್ ಕೂರಿಸಿದ ಜಾಗದಲ್ಲಿ ದೋಷ ಹುಡುಕುವ ಕ್ರಮ

ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರ, ಬಾಗಲಕೋಟೆ ಕಡೆ ಹೊರಗಿನ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಪತ್ರಾಸ್ ಹೊದಿಸಿದ ಕೋಣೆಯಾದರೆ ಒಳಗೂ ಹೆಚ್ಚುಕಡಿಮೆ ಅದೇ ಧಗೆ. ಅಂಥ ಮಧ್ಯಾಹ್ನ ಆಟ ಆಡುವಾಗ ಸಿಪಿಯು 85 ತೋರಿಸಿತೆಂದು ಎಐಒ (ಸಿಪಿಯು ಶಾಖವನ್ನು ನೀರಿನಿಂದ ರೇಡಿಯೇಟರಿಗೆ ಒಯ್ದು ಫ್ಯಾನಿನ ಗಾಳಿಗೆ ಆರಿಸುವ, ಒಂದೇ ಸೆಟ್ಟಾಗಿ ಬರುವ ಕೂಲರ್) ಕೆಟ್ಟಿದೆ ಅಂದುಕೊಂಡು ಹೊಸದು ತರಿಸುವವರು ಬಹಳ ಮಂದಿ. ಹೊಸದು ಬಂದ ಮೇಲೂ ಅಷ್ಟೇ ತೋರಿಸುತ್ತದೆ. ಬಹಳಷ್ಟು ದೂರುಗಳಲ್ಲಿ ಪಂಪಿನದು ತಪ್ಪಿರುವುದಿಲ್ಲ. ರೇಡಿಯೇಟರಿಗೆ ಎಂಥ ಗಾಳಿ ಸಿಗುತ್ತಿದೆ, ಅದನ್ನು ಎಲ್ಲಿ, ಯಾವ ಮುಖವಾಗಿ ಕೂರಿಸಿದ್ದಾರೆ ಎಂಬುದರಲ್ಲೇ ತಪ್ಪಿರುತ್ತದೆ.

ಇಲ್ಲಿ ಹೇಳುವುದು ಮುಖ್ಯವಾಗಿ ಕಾರ್ಖಾನೆಯಲ್ಲೇ ಸೀಲ್ ಮಾಡಿ ಬರುವ ಎಐಒ ಕೂಲರುಗಳ ಬಗ್ಗೆ. ಬಿಡಿಭಾಗ ತಂದು ಮನೆಯಲ್ಲೇ ಜೋಡಿಸುವ ಕಸ್ಟಮ್ ಲೂಪಿನ ಮಾತು ಕೊನೆಯ ಹೊತ್ತಿಗೆ ಸ್ವಲ್ಪ ಬರುತ್ತದೆ.

## ಮೊದಲು ಮೂರು ಅಂಕಿ ಬರೆದುಕೊಳ್ಳಿ

ಕೋಣೆಯ ಉಷ್ಣಾಂಶ, ಕೂಲರಿನೊಳಗಿನ ನೀರಿನ ಉಷ್ಣಾಂಶ, ಸಿಪಿಯು ಉಷ್ಣಾಂಶ. ಈ ಮೂರು ಇಲ್ಲದೆ ಮುಂದೆ ಹೋಗಬೇಡಿ.

ಕೋಣೆಯದಕ್ಕೆ ಗೋಡೆಗೆ ತೂಗುಹಾಕುವ ಅಗ್ಗದ ಡಿಜಿಟಲ್ ಥರ್ಮಾಮೀಟರ್ ಸಾಕು. ಅದನ್ನು ಗೋಡೆಗಲ್ಲ, ಕ್ಯಾಬಿನೆಟ್ಟಿನೊಳಕ್ಕೆ ಗಾಳಿ ಹೋಗುವ ಜಾಗದ ಪಕ್ಕದಲ್ಲಿಡಿ. ಮೊಬೈಲಿನ ಹವಾಮಾನ ಆ್ಯಪ್ ಹೇಳುವ ಅಂಕಿ ಊರಿನದು, ನಿಮ್ಮ ಮೇಜಿನ ಕೆಳಗಿನದಲ್ಲ. ನೀರಿನ ಉಷ್ಣಾಂಶ ತೋರಿಸುವ ಸೆನ್ಸರ್ ಎಲ್ಲ ಎಐಒಗಳಲ್ಲೂ ಇರುವುದಿಲ್ಲ. ಕೋರ್ಸೇರಿನ ಹಲವು ಮಾದರಿ, ಎನ್‌ಝಡ್‌ಎಕ್ಸ್‌ಟಿ ಕ್ರಾಕನ್ ತರದವುಗಳಲ್ಲಿ ಇರುತ್ತದೆ, ಅವುಗಳದೇ ಸಾಫ್ಟ್‌ವೇರಿನಲ್ಲಿ ಕಾಣುತ್ತದೆ. ಇಲ್ಲದಿದ್ದರೆ ರೇಡಿಯೇಟರಿನಿಂದ ಹೊರಬರುವ ಗಾಳಿಗೆ ಅದೇ ಥರ್ಮಾಮೀಟರ್ ಹಿಡಿದು ಅಂದಾಜು ಮಾಡಿ; ನೀರು ಅದಕ್ಕಿಂತ ಕೆಲವು ಡಿಗ್ರಿ ಹೆಚ್ಚೇ ಇರುತ್ತದೆ. ಸಿಪಿಯುಗೆ ಉಚಿತ ತಂತ್ರಾಂಶ ಎಚ್‌ಡಬ್ಲ್ಯೂಇನ್ಫೋ ಸಾಕು.

ಅಳೆಯುವಾಗ ಅವಸರ ಬೇಡ. ನೀರು ಕಾದು ಒಂದು ಮಟ್ಟದಲ್ಲಿ ನಿಲ್ಲಲು 20ರಿಂದ 30 ನಿಮಿಷ ಬೇಕು. ಐದು ನಿಮಿಷ ಟೆಸ್ಟ್ ಓಡಿಸಿ "ಸೂಪರ್ ಇದೆ" ಎಂದು ಹೇಳುವುದಕ್ಕೆ ಅರ್ಥವಿಲ್ಲ. ಸಿಪಿಯುವನ್ನು ಪೂರ್ತಿ ದುಡಿಸುವ ಸಿನೆಬೆಂಚ್ ಆರ್23 ಟೆಸ್ಟಿನಲ್ಲಿ 30 ನಿಮಿಷದ ಓಟ ಇದೆ, ಅದನ್ನು ಹಾಕಿ. ಆಮೇಲೆ ನೀವು ನಿಜವಾಗಿ ಆಡುವ ಆಟವನ್ನೂ ಅಷ್ಟೇ ಹೊತ್ತು ಆಡಿ ನೋಡಿ, ಏಕೆಂದರೆ ಸಿನೆಬೆಂಚ್ ಗ್ರಾಫಿಕ್ಸ್ ಕಾರ್ಡನ್ನು ಕಾಯಿಸುವುದಿಲ್ಲ.

ಈಗ ಕಳೆಯುವ ಲೆಕ್ಕ. ನೀರಿನಿಂದ ಕೋಣೆಯನ್ನು ಕಳೆಯಿರಿ. ಪೂರ್ತಿ ಲೋಡಿನಲ್ಲಿ 8ರಿಂದ 15 ಡಿಗ್ರಿ ಬಂದರೆ ರೇಡಿಯೇಟರ್, ಫ್ಯಾನ್ ತಮ್ಮ ಕೆಲಸ ಮಾಡುತ್ತಿವೆ. 20 ದಾಟಿದರೆ ಗಾಳಿಯ ಕಡೆ ದೋಷ. ಸಿಪಿಯುವಿನಿಂದ ನೀರನ್ನು ಕಳೆದಾಗ ಬರುವುದು ಬೇರೆ ಕಥೆ ಹೇಳುತ್ತದೆ: ಅದು ಪಂಪ್, ಚಿಪ್ಪಿಗೂ ಬ್ಲಾಕಿಗೂ ನಡುವೆ ಹಚ್ಚುವ ಥರ್ಮಲ್ ಪೇಸ್ಟ್, ಬ್ಲಾಕ್ (ಕೂಲರಿನ ತಾಮ್ರದ ತಳದ ಭಾಗ) ಸಿಪಿಯು ಮೇಲೆ ಒತ್ತಿ ಕೂತಿರುವ ರೀತಿ, ಸಿಪಿಯು ಎಳೆಯುವ ವ್ಯಾಟ್ ಇವುಗಳ ಲೆಕ್ಕ. 20ರಿಂದ 40ರವರೆಗೆ ಸಹಜ, 200 ವ್ಯಾಟ್ ಮೇಲೆ ಎಳೆಯುವ ಚಿಪ್ಪುಗಳಲ್ಲಿ ಇನ್ನೂ ಹೆಚ್ಚಾಗಬಹುದು. ರೇಡಿಯೇಟರ್ ಎಲ್ಲಿಟ್ಟರೂ ಈ ಎರಡನೇ ಅಂತರ ಕಡಿಮೆಯಾಗದು. ಜನ ಫ್ಯಾನಿನ ಮೇಲೆ ಫ್ಯಾನ್ ಸೇರಿಸಿ ದುಡ್ಡು ಕಳೆಯುವುದು ಈ ಎರಡು ಅಂತರಗಳನ್ನು ಬೇರ್ಪಡಿಸದೆ ನೋಡುವುದರಿಂದಲೇ.

## "ಬೇಸಿಗೆಯಲ್ಲಿ ಮಾತ್ರ ಕಾಯುತ್ತದೆ, ಮಳೆಗಾಲದಲ್ಲಿ ಸರಿ ಇರುತ್ತದೆ"

ಬಹುತೇಕ ಇದು ದೋಷವೇ ಅಲ್ಲ. ಆಗಸ್ಟಿನಲ್ಲಿ ಬೆಳಗಾವಿಯ ಕೋಣೆ 25 ಡಿಗ್ರಿ ಇದ್ದಾಗ ನೀರು 37, ಸಿಪಿಯು 70 ತೋರಿಸುವ ಅದೇ ಪಿಸಿ, ಮೇ ತಿಂಗಳ ವಿಜಯಪುರದ 39 ಡಿಗ್ರಿ ಕೋಣೆಯಲ್ಲಿ ನೀರು 51, ಸಿಪಿಯು 84 ತೋರಿಸುತ್ತದೆ. ಅಂತರ ಎರಡೂ ಕಡೆ ಅಷ್ಟೇ, 12 ಮತ್ತು 33. ಕೋಣೆಯ ಗಾಳಿಗಿಂತ ತಣ್ಣಗೆ ನೀರನ್ನು ಮಾಡುವ ಶಕ್ತಿ ಯಾವ ರೇಡಿಯೇಟರಿಗೂ ಇಲ್ಲ.

ಗಮನಿಸಬೇಕಾದ ಗಡಿ ಬೇರೆ ಇದೆ. ಬಹುಪಾಲು ಎಐಒಗಳ ಪಂಪ್, ಪೈಪುಗಳಿಗೆ ನೀರು 60 ಡಿಗ್ರಿ ದಾಟುವುದು ಒಳ್ಳೆಯದಲ್ಲ. ಕೋಣೆ 40 ಇದ್ದಾಗ ನಿಮಗೆ ಉಳಿದ ಅವಕಾಶ 20 ಡಿಗ್ರಿ ಮಾತ್ರ. ಬೆಂಗಳೂರಿನ ಲೆಕ್ಕದಲ್ಲಿ 240 ರೇಡಿಯೇಟರ್ (120 ಮಿ.ಮೀ. ಫ್ಯಾನ್ ಎರಡು ಕೂರುವಂಥದು) ಸಾಕು ಎಂದು ಯಾರೋ ಹೇಳಿದ್ದನ್ನು ನಂಬಿ ಬಾಗಲಕೋಟೆಯಲ್ಲಿ ಅದನ್ನೇ ಹಾಕಿಸಿದರೆ ಬೇಸಿಗೆಯಲ್ಲಿ ಆ ಅವಕಾಶ ತೀರಿಹೋಗುತ್ತದೆ. 150 ವ್ಯಾಟ್ ಮೇಲಿನ ಸಿಪಿಯುಗೆ ನಮ್ಮ ಕಡೆ 280 (140ರ ಎರಡು ಫ್ಯಾನ್) ಅಥವಾ 360 (120ರ ಮೂರು ಫ್ಯಾನ್) ನೋಡುವುದು ಜಾಣತನ.

ಖರ್ಚಿಲ್ಲದ ಪರಿಹಾರಗಳು: ಮೇಜಿನ ಗೂಡಿನೊಳಗೆ ತುರುಕಿದ ಕ್ಯಾಬಿನೆಟ್ ಹೊರಗೆ ತೆಗೆಯಿರಿ, ಮೇ ತಿಂಗಳಲ್ಲಿ ಕಂಬಳಿ ಹೊದ್ದು ಕೂತವರ ಪಾಡು ಅದರದು. ಹಿಂದೆ, ಮೇಲೆ 15 ಸೆಂ.ಮೀ. ಆದರೂ ಬಯಲು ಬಿಡಿ. ಬಾಗಿಲು ತೆರೆದಿಡಿ, 500 ವ್ಯಾಟ್ ಎಳೆಯುವ ಪಿಸಿ ಮುಚ್ಚಿದ ಕೋಣೆಯಲ್ಲಿ ಅಷ್ಟೇ ವ್ಯಾಟಿನ ಹೀಟರ್.

ನೀರು ತುಂಬುವ ಡೆಸರ್ಟ್ ಕೂಲರ್ ಇದ್ದರೆ ಕೋಣೆಯ ಉಷ್ಣಾಂಶ ಚೆನ್ನಾಗಿ ಇಳಿಯುತ್ತದೆ, ಪಿಸಿಗೂ ಲಾಭವೇ. ಆದರೆ ಅದರ ಗಾಳಿಯನ್ನು ನೇರವಾಗಿ ಕ್ಯಾಬಿನೆಟ್ಟಿಗೆ ತಿರುಗಿಸಬೇಡಿ. ಪ್ಯಾಡಿನಿಂದ ಸಣ್ಣ ಹನಿ ಹಾರುತ್ತವೆ, ಬೋರಿನ ಗಡಸು ನೀರಾದರೆ ಒಣಗಿದ ಮೇಲೆ ಬಿಳಿ ಉಪ್ಪಿನ ಪುಡಿ ರೇಡಿಯೇಟರಿನ ರೆಕ್ಕೆಗಳ ಮೇಲೆ ಉಳಿಯುತ್ತದೆ. ಕಿಟಕಿ ತೆರೆದು, ಕೂಲರ್ ಮತ್ತು ಪಿಸಿ ಎದುರುಬದುರಾಗದಂತೆ ಇಟ್ಟರೆ ಸಾಕು.

## "ಆನ್ ಮಾಡಿದ ಒಂದೆರಡು ನಿಮಿಷಕ್ಕೇ 90 ದಾಟುತ್ತದೆ"

ಇದು ಗಾಳಿಯ ದೋಷವಲ್ಲ. ರೇಡಿಯೇಟರ್ ಎಲ್ಲೇ ಇರಲಿ, ತಣ್ಣಗಿರುವ ನೀರು ಕಾಯಲು ಹೊತ್ತು ಹಿಡಿಯಲೇಬೇಕು. ಬಯೋಸ್ ಪರದೆಯಲ್ಲಿ (ವಿಂಡೋಸ್ ಶುರುವಾಗುವ ಮೊದಲಿನ ಸೆಟ್ಟಿಂಗ್ ಪರದೆ) ಸುಮ್ಮನೆ ಬಿಟ್ಟಾಗಲೂ ಏರುತ್ತಲೇ ಹೋದರೆ ಪಂಪ್ ತಿರುಗುತ್ತಿಲ್ಲ ಅಥವಾ ಬ್ಲಾಕ್ ಚಿಪ್ಪಿಗೆ ತಾಗಿಲ್ಲ. ತಕ್ಷಣ ಆಫ್ ಮಾಡಿ.

ಪಂಪಿನ ತಂತಿ ಮದರ್‌ಬೋರ್ಡಿನ ಎಐಒ ಪಂಪ್ ಎಂದು ಬರೆದ ಪಿನ್ನಿಗೆ ಹೋಗಿದೆಯೇ ನೋಡಿ. ಕೆಲವು ಪಂಪುಗಳಿಗೆ ವಿದ್ಯುತ್ ಬರುವುದು ಪವರ್ ಸಪ್ಲೈನಿಂದ ಬರುವ ಸಾಟಾ ಕನೆಕ್ಟರಿನಿಂದ. ಅದು ಕಳಚಿರುವುದು ಸಾಮಾನ್ಯ. ಬಯೋಸಿನಲ್ಲಿ ಪಂಪಿನ ವೇಗ ನೋಡಿ: ಬಹಳಷ್ಟು ಮಾದರಿಗಳಲ್ಲಿ 2000ದಿಂದ 3000 ಆರ್‌ಪಿಎಂ ಇರುತ್ತದೆ. ಸೊನ್ನೆ ಇದ್ದರೆ ತಂತಿ ಅಥವಾ ಪಂಪ್. 1000ದ ಆಸುಪಾಸು ಇದ್ದರೆ ಅದನ್ನು ಯಾರೋ ಮಾಮೂಲಿ ಫ್ಯಾನಿನ ಪಿನ್ನಿಗೆ ಸಿಕ್ಕಿಸಿರುತ್ತಾರೆ, ಬೋರ್ಡು ಅದನ್ನು ಫ್ಯಾನೆಂದೇ ತಿಳಿದು ನಿಧಾನ ಮಾಡಿರುತ್ತದೆ. ಪಂಪ್ ಯಾವಾಗಲೂ ನೂರಕ್ಕೆ ನೂರು ವೇಗದಲ್ಲಿರಲಿ, ತಯಾರಕರು ಬೇರೆ ಹೇಳದ ಹೊರತು. ಪಂಪನ್ನು ಬೇರೆ ಪಿನ್ನಿಗೆ ಹಾಕಿ ಸಿಪಿಯು ಫ್ಯಾನ್ ಪಿನ್ ಖಾಲಿ ಬಿಟ್ಟರೆ ಆನ್ ಆಗುವಾಗ ಸಿಪಿಯು ಫ್ಯಾನ್ ಎರರ್ ಬರುತ್ತದೆ. ರೇಡಿಯೇಟರಿನ ಒಂದು ಫ್ಯಾನ್ ತಂತಿಯನ್ನು ಅಲ್ಲಿಗೆ ಕೊಡಿ.

ಎರಡೂ ಪೈಪು ಮುಟ್ಟಿ ನೋಡಿ. ಹರಿವು ಸರಿಯಿದ್ದರೆ ಎರಡೂ ಸರಿಸುಮಾರು ಒಂದೇ ಬಿಸಿ. ಒಂದು ಸುಡುವಷ್ಟು, ಇನ್ನೊಂದು ತಣ್ಣಗೆ, ರೇಡಿಯೇಟರೂ ತಣ್ಣಗೆ ಎಂದರೆ ನೀರು ಓಡುತ್ತಿಲ್ಲ. ಎರಡೂ ಪೈಪು ತಣ್ಣಗಿದ್ದು ಪಂಪ್ ಪೂರ್ತಿ ವೇಗ ತೋರಿಸುತ್ತಿದ್ದರೆ ಶಾಖ ನೀರಿಗೇ ಬರುತ್ತಿಲ್ಲ, ಅಂದರೆ ಬ್ಲಾಕ್ ಕೂತಿಲ್ಲ.

ಬ್ಲಾಕ್ ತೆಗೆಯಬೇಕಾದರೆ: ವಿದ್ಯುತ್ ತೆಗೆಯಿರಿ, ಪವರ್ ಬಟನ್ ಒಮ್ಮೆ ಒತ್ತಿ ಉಳಿದ ಕರೆಂಟ್ ಖಾಲಿಮಾಡಿ. ಎಎಂಡಿಯ ಎಎಂ4 ಸಾಕೆಟ್ (ಸಿಪಿಯು ಕೂರುವ ಜಾಗ) ಆದರೆ ಸ್ವಲ್ಪ ಬೆಚ್ಚಗಿರುವಾಗಲೇ, ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುವಿ ಬಿಡಿಸಿ. ನೇರ ಎಳೆದರೆ ಸಿಪಿಯು ಪಿನ್ನುಗಳ ಸಮೇತ ಕಿತ್ತು ಬರುತ್ತದೆ. ತಾಮ್ರದ ತಳದ ಮೇಲೆ ಪಾರದರ್ಶಕ ಹಾಳೆ ಹಾಗೇ ಉಳಿದಿದೆಯೇ ಎಂದು ನೋಡಿ. ನಗಬೇಡಿ, ಜೋಡಿಸಿ ಕೊಟ್ಟ ಪಿಸಿಗಳಲ್ಲೂ ಇದು ಸಿಗುತ್ತದೆ. ಹಳೇ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಬಟಾಣಿ ಕಾಳಿನಷ್ಟು ಹೊಸದು ಹಾಕಿ. ಇಂಟೆಲ್ಲಿನ ಎಲ್‌ಜಿಎ 1700 ಸಾಕೆಟ್ಟಿನದು ಉದ್ದನೆಯ ಚಿಪ್ ಆದ್ದರಿಂದ ಮಧ್ಯೆ ಉದ್ದಕ್ಕೊಂದು ಗೆರೆ ಎಳೆಯಿರಿ. ಹಿಂದಿನ ಸಾಕೆಟ್ಟಿಗೆಂದು ಬಂದ, ಬ್ಲಾಕ್ ನಿಲ್ಲಿಸುವ ಗಿಡ್ಡ ಕಂಬ ಅಂದರೆ ಸ್ಟಾಂಡ್‌ಆಫ್ ಹಾಕಿದರೆ ಬ್ಲಾಕ್ ಕೂದಲೆಳೆಯಷ್ಟು ಎತ್ತರದಲ್ಲೇ ನಿಲ್ಲುತ್ತದೆ. ನಾಲ್ಕು ತಿರುಪನ್ನು ಮೂಲೆಯಿಂದ ಮೂಲೆಗೆ, ಒಂದೊಂದಕ್ಕೆ ಎರಡೆರಡು ಸುತ್ತಿನಂತೆ ಬಿಗಿಯುತ್ತ ಹೋಗಿ.

ಒಂದು ಎಚ್ಚರಿಕೆ. ಸಿನೆಬೆಂಚ್ ಹಾಕಿದ ಕೂಡಲೇ ರೈಜೆನ್ 7000 ಸರಣಿಯ ದೊಡ್ಡ ಚಿಪ್ 95ಕ್ಕೆ, ಇಂಟೆಲ್ 13, 14ನೇ ಪೀಳಿಗೆಯ ಐ9 ಚಿಪ್ 100ಕ್ಕೆ ಏರಿ ಅಲ್ಲೇ ನಿಂತರೆ ಅದು ಪಂಪಿನ ದೋಷವೆಂದು ತೀರ್ಮಾನಿಸಬೇಡಿ. ಮೊದಲನೆಯದನ್ನು ಆ ಮಿತಿಯವರೆಗೆ ಓಡುವಂತೆಯೇ ಮಾಡಿದ್ದಾರೆ. ಎರಡನೆಯದಕ್ಕೆ ಮದರ್‌ಬೋರ್ಡು ವ್ಯಾಟಿನ ಮಿತಿಯನ್ನೇ ತೆಗೆದುಹಾಕಿರಬಹುದು. ಬಯೋಸಿನಲ್ಲಿ ಇಂಟೆಲ್ಲಿನ 253 ವ್ಯಾಟ್ ಮಿತಿ ಮತ್ತೆ ಹಾಕಿ ನೋಡಿ. ಎಎಂಡಿಯಲ್ಲಿ ವ್ಯಾಟ್ ಇಳಿಸುವ ಇಕೋ ಮೋಡ್ ಇದೆ. ಆಟದಲ್ಲಿ ಎಫ್‌ಪಿಎಸ್ ಇಳಿಯುವುದು ಕಣ್ಣಿಗೆ ಕಾಣದಷ್ಟು, ಉಷ್ಣಾಂಶ ಇಳಿಯುವುದು ಚೆನ್ನಾಗಿಯೇ ಕಾಣುವಷ್ಟು.

## "ಮೊದಲ ಹತ್ತು ನಿಮಿಷ ಸರಿ, ಆಮೇಲೆ ನಿಧಾನ ಏರುತ್ತ ಆಟ ತಡವರಿಸುತ್ತದೆ"

ರೇಡಿಯೇಟರ್ ಮತ್ತು ಫ್ಯಾನಿನ ದೋಷದ ಗುರುತು ಇದೇ. ನೀರು ಮತ್ತು ಕೋಣೆಯ ಅಂತರ 20 ದಾಟಿರುತ್ತದೆ. ಇಲ್ಲಿ ತಾಳ್ಮೆಯಿಂದ ಒಂದೊಂದನ್ನೇ ನೋಡಿ, ಒಮ್ಮೆಗೆ ಒಂದೇ ಬದಲಾವಣೆ.

ಮೊದಲು ಕ್ಯಾಬಿನೆಟ್ಟಿನ ಪಕ್ಕದ ಗಾಜು ತೆಗೆದು ಅದೇ ಟೆಸ್ಟ್ ಓಡಿಸಿ. 5 ಡಿಗ್ರಿಗಿಂತ ಹೆಚ್ಚು ಇಳಿದರೆ ಒಳಗೆ ಗಾಳಿ ಸಾಲುತ್ತಿಲ್ಲ. ಗಾಜು ಮತ್ತೆ ಹಾಕಿ, ಈ ಸಲ ಮುಂದಿನ ಮುಚ್ಚಳ ಮಾತ್ರ ತೆಗೆದು ನೋಡಿ. ಆಗಲೂ ಅಷ್ಟೇ ಇಳಿದರೆ ಮುಂದಿನ ಮುಖವೇ ಗಂಟಲು ಹಿಡಿದಿದೆ: ಮುಂದೆ ಪೂರ್ತಿ ಗಾಜು, ಪಕ್ಕದಲ್ಲಿ ಬೆರಳಗಲ ಸೀಳು ಇರುವ ಕ್ಯಾಬಿನೆಟ್ಟುಗಳದು ಇದೇ ಗೋಳು. ಅಂಗಡಿಯಲ್ಲಿ ಬಣ್ಣದ ದೀಪ ಹೊಳೆಯುವಾಗ ಚೆಂದ ಕಾಣುತ್ತವೆ, ಅಷ್ಟೇ. ಜಾಲರಿ ಮುಖದ ಕ್ಯಾಬಿನೆಟ್ ನಮ್ಮ ಹವೆಗೆ ಸರಿ.

ಎರಡನೆಯದು ಫ್ಯಾನಿನ ದಿಕ್ಕು. ಫ್ಯಾನಿನ ಯಾವ ಬದಿಯಲ್ಲಿ ಮೋಟಾರ್ ಹಿಡಿದಿಡುವ ಕಡ್ಡಿಗಳಿವೆಯೋ ಆ ಬದಿಯಿಂದ ಗಾಳಿ ಹೊರಬರುತ್ತದೆ. ಇದಕ್ಕೆ ಉಲ್ಟಾ ಗಾಳಿ ತಳ್ಳುವ ರಿವರ್ಸ್ ಬ್ಲೇಡ್ ಫ್ಯಾನುಗಳು ಮಾರುಕಟ್ಟೆಗೆ ಬಂದ ಮೇಲೆ ಕಣ್ಣನ್ನೊಂದೇ ನಂಬುವಂತಿಲ್ಲ, ಚೌಕಟ್ಟಿನ ಮೇಲಿನ ಬಾಣ ನೋಡಿ. ಖಚಿತವಾಗಬೇಕಾದರೆ ಟಿಶ್ಯೂ ಕಾಗದದ ಚೂರು ಹಿಡಿಯಿರಿ: ಎಳೆದುಕೊಂಡರೆ ಒಳಕ್ಕೆ, ತಳ್ಳಿದರೆ ಹೊರಕ್ಕೆ. ಒಂದೇ ರೇಡಿಯೇಟರಿನ ಮೂರು ಫ್ಯಾನುಗಳಲ್ಲಿ ಒಂದು ಉಲ್ಟಾ ಇದ್ದರೆ ಉಳಿದೆರಡರ ಗಾಳಿ ಅದರ ಮೂಲಕವೇ ವಾಪಸ್ ಸುತ್ತುತ್ತದೆ, ಮೂರೂ ತಿರುಗುತ್ತಿರುವುದರಿಂದ ನೋಡಿದವರಿಗೆ ಅನುಮಾನವೂ ಬರುವುದಿಲ್ಲ.

ಮೂರನೆಯದು ರೇಡಿಯೇಟರಿನ ಮೇಲಿರುವ ಫ್ಯಾನು ಆ ಕೆಲಸಕ್ಕೆ ಹೇಳಿಮಾಡಿಸಿದ್ದೇ ಎಂಬುದು. ಒತ್ತಾಗಿ ಜೋಡಿಸಿದ ರೆಕ್ಕೆಗಳ ನಡುವೆ ಗಾಳಿ ತೂರಿಸಲು ಒತ್ತಡ ಬೇಕು. ಡಬ್ಬಿಯ ಮೇಲೆ ಸ್ಟಾಟಿಕ್ ಪ್ರೆಶರ್ ಎಂದು ಬರೆದಿರುತ್ತದೆ, 2 ಮಿ.ಮೀ. ನೀರಿನ ಒತ್ತಡ ಅಥವಾ ಹೆಚ್ಚು ಇದ್ದರೆ ರೇಡಿಯೇಟರಿಗೆ ತಕ್ಕದ್ದು. ಅಗ್ಗದ ಬಣ್ಣದ ಫ್ಯಾನುಗಳ ಮೂರರ ಪ್ಯಾಕಿನಲ್ಲಿ ಈ ಅಂಕಿ ಬರೆದೇ ಇರುವುದಿಲ್ಲ. ಅವನ್ನು ಕ್ಯಾಬಿನೆಟ್ಟಿಗೆ ಬಳಸಿ, ರೇಡಿಯೇಟರಿಗಲ್ಲ.

ನಾಲ್ಕನೆಯದು ಒಟ್ಟು ಗಾಳಿಯ ಲೆಕ್ಕ. ಆಟದ ಹೊತ್ತಿಗೆ ಒಳಗೆ 400 ವ್ಯಾಟ್ ಶಾಖ ಹುಟ್ಟುತ್ತದೆ ಎನ್ನೋಣ. ಒಳಬಂದ ಗಾಳಿ ಬರೇ 10 ಡಿಗ್ರಿ ಬಿಸಿಯಾಗಿ ಹೊರಹೋಗಬೇಕಾದರೆ ಗಂಟೆಗೆ ಸುಮಾರು 120 ಘನ ಮೀಟರ್, ಫ್ಯಾನಿನ ಡಬ್ಬಿಯ ಭಾಷೆಯಾದ ನಿಮಿಷಕ್ಕೆ ಘನ ಅಡಿಯಲ್ಲಿ 70 ಸಿಎಫ್‌ಎಂ, ನಿಜವಾಗಿ ಓಡಬೇಕು. ಒಂದು ಫ್ಯಾನಿನ ಮೇಲೆ 60 ಎಂದು ಬರೆದಿದ್ದರೂ ಅದು ಮುಂದೆ ಏನೂ ಅಡ್ಡವಿಲ್ಲದಾಗಿನ ಮಾತು. ರೇಡಿಯೇಟರ್, ಧೂಳಿನ ಜಾಲರಿ ಅಡ್ಡ ಬಂದ ಮೇಲೆ ಅರ್ಧ ಸಿಕ್ಕರೆ ಪುಣ್ಯ. ಆದ್ದರಿಂದ ಮುಂದೆ ಒಂದೇ ಫ್ಯಾನ್, ಮೇಲೆ 360 ರೇಡಿಯೇಟರ್ ಎಂಬ ಜೋಡಣೆ ಕಾಗದದ ಮೇಲೆ ಎಷ್ಟೇ ದೊಡ್ಡದಾಗಿ ಕಂಡರೂ ನಡೆಯುವುದಿಲ್ಲ. ಮುಂದೆ ಮೂರು ಒಳಕ್ಕೆ, ಮೇಲೆ ರೇಡಿಯೇಟರಿನ ಮೂಲಕ ಹೊರಕ್ಕೆ, ಹಿಂದೆ ಒಂದು ಹೊರಕ್ಕೆ: ಇದು ಸುಮ್ಮನೆ ನಂಬಬಹುದಾದ ಜೋಡಣೆ.

ಒಳಗಿನ ಒತ್ತಡ ಯಾವ ಕಡೆಗಿದೆ ಎಂದು ತಿಳಿಯಲು ಊದಿನಕಡ್ಡಿ ಸಾಕು. ಪಿಸಿ ಓಡುತ್ತಿರುವಾಗ ಹಿಂಬದಿಯ ಖಾಲಿ ಸ್ಲಾಟಿನ ಸಂದಿಗೆ ಹೊರಗಿನಿಂದ ಹಿಡಿಯಿರಿ. ಹೊಗೆ ಹೊರಕ್ಕೆ ಸರಿದರೆ ಒಳಬರುವ ಗಾಳಿ ಹೆಚ್ಚಿದೆ. ಒಳಕ್ಕೆ ಎಳೆದುಕೊಂಡರೆ ಹೊರಹಾಕುವ ಫ್ಯಾನುಗಳು ಹೆಚ್ಚಾಗಿ, ಜಾಲರಿ ಇಲ್ಲದ ಪ್ರತಿ ಸಂದಿಯಿಂದಲೂ ಧೂಳು ಒಳಗೆ ಬರುತ್ತಿದೆ. ಎರಿ ಮಣ್ಣಿನ ಧೂಳು ಹಾರುವ ಊರುಗಳಲ್ಲಿ ಒಳಬರುವುದೇ ತುಸು ಹೆಚ್ಚಿರಲಿ. ಬೂದಿ ಒಳಗೆ ಬೀಳದಂತೆ ನೋಡಿಕೊಳ್ಳಿ.

## "ಸಿಪಿಯು ಸರಿ, ಗ್ರಾಫಿಕ್ಸ್ ಕಾರ್ಡ್ ಕಾಯುತ್ತದೆ" ಅಥವಾ ಅದರ ಉಲ್ಟಾ

ರೇಡಿಯೇಟರ್ ಮುಂದಿಟ್ಟು ಗಾಳಿ ಒಳಕ್ಕೆ ಎಳೆದರೆ ಸಿಪಿಯುಗೆ ಕೋಣೆಯ ತಾಜಾ ಗಾಳಿ ಸಿಗುತ್ತದೆ, ಅದು ಕೆಲವು ಡಿಗ್ರಿ ಇಳಿಯುತ್ತದೆ. ಆದರೆ ರೇಡಿಯೇಟರ್ ದಾಟಿ ಬಿಸಿಯಾದ ಆ ಗಾಳಿಯೇ ಗ್ರಾಫಿಕ್ಸ್ ಕಾರ್ಡಿನ ಪಾಲು. ಮೇಲಿಟ್ಟು ಹೊರಕ್ಕೆ ತಳ್ಳಿದರೆ ಕಾರ್ಡಿಗೆ ತಾಜಾ ಗಾಳಿ, ಅದು ಕಾಯಿಸಿದ ಗಾಳಿ ಸಿಪಿಯು ರೇಡಿಯೇಟರಿಗೆ.

ಯಾವುದು ಸರಿ ಎಂಬ ಜಗಳ ಮುಗಿಯುವುದಿಲ್ಲ, ಆದರೆ ಗೇಮಿಂಗ್ ಪಿಸಿಗೆ ಉತ್ತರ ಸುಲಭ. ಆಟದಲ್ಲಿ ಸಿಪಿಯು ಎಳೆಯುವುದು 60ರಿಂದ 120 ವ್ಯಾಟ್. ಕಾರ್ಡು 200ರಿಂದ 350. ಹೆಚ್ಚು ದುಡಿಯುವವನಿಗೆ ತಣ್ಣನೆ ಗಾಳಿ ಕೊಡಬೇಕು, ಆದ್ದರಿಂದ ರೇಡಿಯೇಟರ್ ಮೇಲೆ, ಹೊರಮುಖವಾಗಿ. ದಿನವಿಡೀ ವಿಡಿಯೊ ರೆಂಡರ್ ಮಾಡುವವರಿಗೆ, ಸಿಪಿಯು 200 ವ್ಯಾಟ್ ಗಂಟೆಗಟ್ಟಲೆ ಎಳೆಯುವವರಿಗೆ ಮಾತ್ರ ಮುಂದಿನ ಜಾಗ ಲಾಭ.

ಮೇಲಿಟ್ಟ ರೇಡಿಯೇಟರಿನಿಂದ ಗಾಳಿಯನ್ನು ಒಳಕ್ಕೆ ಎಳೆಯುವ ಜೋಡಣೆ ಬೇಡ. ಕ್ಯಾಬಿನೆಟ್ಟಿನ ಮೇಲ್ಭಾಗದ ಧೂಳೆಲ್ಲ ನೇರ ಒಳಗೆ ಬೀಳುತ್ತದೆ, ಬಿಸಿ ಗಾಳಿಗೆ ಹೊರದಾರಿಯೂ ಇರುವುದಿಲ್ಲ.

ಬದಲಾಯಿಸುವ ಮೊದಲು ಅಳತೆಪಟ್ಟಿ ಹಿಡಿಯಿರಿ. ಮಾಮೂಲಿ ರೇಡಿಯೇಟರಿನ ದಪ್ಪ 27 ಮಿ.ಮೀ., ಫ್ಯಾನಿನದು 25, ಎರಡೂ ಸೇರಿ 52. ಮೇಲಿಡುವುದಾದರೆ ಕ್ಯಾಬಿನೆಟ್ಟಿನ ಮಾಡಿಗೂ ಮದರ್‌ಬೋರ್ಡಿನ ಅಂಚಿಗೂ ನಡುವೆ 55 ಮಿ.ಮೀ. ಆದರೂ ಬೇಕು, ಇಲ್ಲವೇ ರೇಡಿಯೇಟರ್ ಕೂರುವ ತೂತುಗಳು ಗಾಜಿನ ಕಡೆಗೆ ಸರಿದಿರಬೇಕು. ದೀಪವಿರುವ ಎತ್ತರದ ರ‍್ಯಾಮ್ 44 ಮಿ.ಮೀ. ಆಸುಪಾಸು ಇದ್ದು ಫ್ಯಾನಿಗೆ ಬಡಿಯುತ್ತದೆ. 32ರಿಂದ 35ರ ಗಿಡ್ಡ ರ‍್ಯಾಮ್ ಆದರೆ ತೊಂದರೆಯಿಲ್ಲ. ಮುಂದಿಡುವುದಾದರೆ ಕಾರ್ಡಿನ ಉದ್ದಕ್ಕೆಂದು ಬರೆದ ಅಳತೆಯಿಂದ ಈ 52 ಕಳೆಯಿರಿ: 380 ಎಂದಿದ್ದರೆ ಉಳಿಯುವುದು 328. ಉದ್ದದ ಲೆಕ್ಕವೂ ಇದೆ. 240ರ ರೇಡಿಯೇಟರ್ 240 ಮಿ.ಮೀ. ಇರುವುದಿಲ್ಲ, ತುದಿಯ ತೊಟ್ಟಿಗಳು ಸೇರಿ ಸುಮಾರು 277. 360ರದು ಸುಮಾರು 397.

ಮೇಲೆ ಕೂರಿಸುವ ಮುನ್ನ ಸಿಪಿಯುವಿನ 8 ಪಿನ್ ವಿದ್ಯುತ್ ತಂತಿ ಸಿಕ್ಕಿಸಿಬಿಡಿ. ಆಮೇಲೆ ಅಲ್ಲಿಗೆ ಬೆರಳು ಹೋಗುವುದಿಲ್ಲ. ತಿರುಪುಗಳ ವಿಷಯ ಇನ್ನೂ ಮುಖ್ಯ: ಡಬ್ಬಿಯಲ್ಲಿ ಫ್ಯಾನ್ ದಾಟಿ ಹೋಗುವ 30 ಮಿ.ಮೀ. ಉದ್ದದವೂ, ಕ್ಯಾಬಿನೆಟ್ಟಿನ ತಗಡಿಗೆ ಹಾಕುವ 5–6 ಮಿ.ಮೀ. ಗಿಡ್ಡವೂ ಇರುತ್ತವೆ. ಗಿಡ್ಡದರ ಜಾಗಕ್ಕೆ ಉದ್ದದ್ದು ತಿರುವಿದರೆ ಅದು ನೀರಿನ ಕಾಲುವೆಗೇ ತೂತು ಹಾಕುತ್ತದೆ. ತಿರುಪು ಗಟ್ಟಿಯಾಗಿ ತಡೆದರೆ ಬಲ ಹಾಕಬೇಡಿ.

## ಗುಳುಗುಳು ಸದ್ದು

ಹೊಸದಾಗಿ ಹಾಕಿದ ಮೊದಲ ಒಂದೆರಡು ದಿನ ಸಹಜ. ವಾರಗಟ್ಟಲೆ ಉಳಿದರೆ ಗಾಳಿ ಗುಳ್ಳೆ ಪಂಪಿನೊಳಗೆ ಹೋಗುತ್ತಿದೆ. ಸೀಲ್ ಮಾಡಿದ ಎಐಒದಲ್ಲೂ ಸ್ವಲ್ಪ ಗಾಳಿ ಇದ್ದೇ ಇರುತ್ತದೆ, ವರ್ಷ ಕಳೆದಂತೆ ಪೈಪಿನ ರಬ್ಬರಿನ ಮೂಲಕ ನೀರು ಆವಿಯಾಗಿ ಅದು ಹೆಚ್ಚುತ್ತದೆ. ಗಾಳಿ ಎತ್ತರಕ್ಕೆ ಹೋಗಿ ಕೂರುತ್ತದೆ. ಆ ಎತ್ತರದ ಜಾಗ ರೇಡಿಯೇಟರಿನ ತೊಟ್ಟಿಯಾಗಿರಬೇಕು, ಪಂಪ್ ಆಗಿರಬಾರದು. ಇದಿಷ್ಟೇ ನಿಯಮ.

ಮೇಲಿಟ್ಟರೆ ಈ ಚಿಂತೆಯೇ ಇಲ್ಲ. ಮುಂದೆ ನಿಲ್ಲಿಸಿದರೆ ರೇಡಿಯೇಟರಿನ ತುದಿ ಪಂಪಿಗಿಂತ ಎತ್ತರವಿರಲಿ, ಪೈಪು ಮುಟ್ಟುವಂತಿದ್ದರೆ ಪೈಪಿನ ಕಡೆ ಕೆಳಗೆ ಬರಲಿ. ಪೈಪು ಮೇಲಿದ್ದರೆ ತಕ್ಷಣ ಕೆಡುವುದಿಲ್ಲ, ಆದರೆ ನೀರು ಕಡಿಮೆಯಾದ ದಿನ ಮೊದಲು ಸದ್ದು ಮಾಡುವುದು ಅದೇ. ತಳದಲ್ಲಿ ರೇಡಿಯೇಟರ್, ಮೇಲೆ ಪಂಪ್ ಎಂಬ ಜೋಡಣೆ ಮಾತ್ರ ಯಾವ ಕಾರಣಕ್ಕೂ ಬೇಡ. ಪಂಪ್ ಒಣಗಿ ತಿರುಗಿ ಹಾಳಾಗುತ್ತದೆ. ಬಹುತೇಕ ಎಐಒಗಳಲ್ಲಿ ಪಂಪ್ ಇರುವುದು ಸಿಪಿಯು ಬ್ಲಾಕಿನಲ್ಲಿ, ಕೆಲವದರಲ್ಲಿ ರೇಡಿಯೇಟರಿನಲ್ಲಿ ಅಥವಾ ಪೈಪಿನ ಮಧ್ಯೆ. ನಿಮ್ಮದು ಯಾವುದೆಂದು ನೋಡಿಕೊಂಡು ಲೆಕ್ಕ ಹಾಕಿ.

ಸಿಕ್ಕಿಕೊಂಡ ಗುಳ್ಳೆ ಬಿಡಿಸಲು ಕ್ಯಾಬಿನೆಟ್ಟನ್ನು ಪಂಪ್ ಓಡುತ್ತಿರುವಾಗ ನಾಲ್ಕೂ ಕಡೆ 30 ಡಿಗ್ರಿಯಷ್ಟು ನಿಧಾನ ವಾಲಿಸಿ, ಪ್ರತಿ ಕಡೆ ಅರ್ಧ ನಿಮಿಷ ಹಿಡಿಯಿರಿ. ಒಳಗೆ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ ಅದರ ವಿದ್ಯುತ್ ತಂತಿ ಮೊದಲು ತೆಗೆಯಿರಿ.

## ಫ್ಯಾನ್ ಸುಮ್ಮಸುಮ್ಮನೆ ಜೋರಾಗಿ, ಮತ್ತೆ ಇಳಿಯುತ್ತಿದ್ದರೆ

ಬ್ರೌಸರ್ ತೆರೆದರೂ ಸಿಪಿಯು ಒಂದು ಕ್ಷಣ 20 ಡಿಗ್ರಿ ಜಿಗಿಯುತ್ತದೆ, ನೀರು ಕದಲುವುದೇ ಇಲ್ಲ. ಫ್ಯಾನಿನ ವೇಗವನ್ನು ನೀರಿನ ಉಷ್ಣಾಂಶಕ್ಕೆ ಕಟ್ಟಿ. ಆ ಸೌಲಭ್ಯ ಇಲ್ಲದಿದ್ದರೆ ಬಯೋಸಿನಲ್ಲಿ ಫ್ಯಾನಿನ ಏರಿಳಿತಕ್ಕೆ ಕೆಲವು ಸೆಕೆಂಡ್ ತಡ ಹಾಕಿ. ನೀರಿಗೆ ಕಟ್ಟುವಾಗ ಇಂಟರ್‌ನೆಟ್ಟಿನಲ್ಲಿ ಸಿಗುವ 40 ಡಿಗ್ರಿಗೆ ಪೂರ್ತಿ ವೇಗ ಎಂಬ ಲೆಕ್ಕ ನಮ್ಮ ಬೇಸಿಗೆಗೆ ಹೊಂದದು, ಪಿಸಿ ಸುಮ್ಮನಿದ್ದರೂ ಫ್ಯಾನ್ ಕಿರುಚುತ್ತಿರುತ್ತದೆ. ಬೇಸಿಗೆಗೆ 45ರವರೆಗೆ ಅರ್ಧ ವೇಗ, 55ಕ್ಕೆ ಪೂರ್ತಿ ಎಂದಿಟ್ಟುಕೊಂಡು, ಮಳೆಗಾಲಕ್ಕೆ ಎಲ್ಲವನ್ನೂ 10 ಡಿಗ್ರಿ ಇಳಿಸಿದ ಇನ್ನೊಂದು ಪ್ರೊಫೈಲ್ ಮಾಡಿಡಿ.

## "ಮೊದಲು ಚೆನ್ನಾಗಿತ್ತು, ಈಗೀಗ ಕಾಯುತ್ತದೆ"

ಧೂಳು. ಬೇರೆ ಏನನ್ನೂ ಯೋಚಿಸುವ ಮೊದಲು ಧೂಳು.

ಫ್ಯಾನ್ ಬಿಚ್ಚದೆ ಹೊರಗಿನಿಂದ ನೋಡಿದರೆ ರೇಡಿಯೇಟರ್ ಶುದ್ಧವಾಗಿಯೇ ಕಾಣುತ್ತದೆ. ಫ್ಯಾನ್ ಮತ್ತು ರೆಕ್ಕೆಗಳ ನಡುವೆ ಹೊದಿಕೆಯಂತೆ ಪದರ ಕಟ್ಟಿರುತ್ತದೆ, ಟಾರ್ಚ್ ಹಾಕಿ ಓರೆಯಾಗಿ ನೋಡಿದರೆ ಗೊತ್ತಾಗುತ್ತದೆ. ರಬಕವಿ-ಬನಹಟ್ಟಿಯಂಥ ಮಗ್ಗದ ಊರುಗಳಲ್ಲಿ ನೂಲಿನ ನವಿರು ಧೂಳಿನ ಜೊತೆ ಸೇರಿ ಬಟ್ಟೆಯಂತೆಯೇ ಹೆಣೆದುಕೊಳ್ಳುತ್ತದೆ. ಅಲ್ಲಿ ಮುಂದಿನ ಜಾಲರಿಯನ್ನು ವಾರಕ್ಕೊಮ್ಮೆ ತೊಳೆಯಬೇಕು. ಉಳಿದ ಕಡೆ ತಿಂಗಳಿಗೊಮ್ಮೆ ಜಾಲರಿ, ನಾಲ್ಕು ತಿಂಗಳಿಗೊಮ್ಮೆ ರೇಡಿಯೇಟರ್. ಬೆಳಗಾವಿಯ ಮಳೆಗಾಲದಲ್ಲಿ ಧೂಳು ಕಡಿಮೆ, ಆದರೆ ತೊಳೆದ ಜಾಲರಿ ಒಣಗಲು ಎರಡು ದಿನ ಬೇಕಾದೀತು. ಹಸಿ ಜಾಲರಿ ಹಾಕಬೇಡಿ.

ಪಿಸಿಯನ್ನು ಅಂಗಳಕ್ಕೊಯ್ದು, ಬ್ಲೋವರಿನಿಂದ ಗಾಳಿ ಹರಿಯುವ ದಿಕ್ಕಿಗೆ ಎದುರಾಗಿ ಊದಿ. ಊದುವಾಗ ಫ್ಯಾನಿನ ರೆಕ್ಕೆ ಬೆರಳಲ್ಲಿ ಹಿಡಿದುಕೊಳ್ಳಿ. ಬಿಟ್ಟರೆ ಅದು ಮಿತಿ ಮೀರಿ ತಿರುಗಿ ಬೇರಿಂಗ್ ಹಾಳು ಮಾಡಿಕೊಳ್ಳುತ್ತದೆ, ಮೋಟಾರು ಜನರೇಟರಿನಂತೆ ಬೋರ್ಡಿಗೆ ಕರೆಂಟನ್ನೂ ಕಳಿಸಬಹುದು. ಬ್ಲೋವರಿನ ಮೂತಿ ರೇಡಿಯೇಟರಿನ ರೆಕ್ಕೆಗಳಿಗೆ ತಾಗಬಾರದು, ಬೆರಳೊತ್ತಿದರೂ ಮಡಚುವಷ್ಟು ತೆಳು ಅವು.

ಧೂಳು ತೆಗೆದ ಮೇಲೆ ನೀರು–ಕೋಣೆ ಅಂತರ ಮೊದಲಿನಷ್ಟಾಗಿ, ಸಿಪಿಯು–ನೀರು ಅಂತರ ಮಾತ್ರ ದೊಡ್ಡದಾಗಿಯೇ ಉಳಿದರೆ ಪೇಸ್ಟ್ ಬದಲಿಸಿ. ಅದಕ್ಕೂ ಬಗ್ಗದಿದ್ದರೆ, ಎಐಒ ಐದಾರು ವರ್ಷ ಹಳೆಯದಾಗಿದ್ದರೆ, ಒಳಗಿನ ಸಣ್ಣ ಕಾಲುವೆಗಳಲ್ಲಿ ಗಸಿ ಕಟ್ಟಿದೆ ಎಂದೇ ತಿಳಿಯಿರಿ. ಅದು ಬಿಚ್ಚಿ ತೊಳೆಯುವ ವಸ್ತುವಲ್ಲ.

## ಹನಿ ಕಂಡರೆ

ಮಳೆಗಾಲದ ತೇವಕ್ಕೆ ಪೈಪಿನ ಮೇಲೆ ಬೆವರು ಮೂಡಿರಬಹುದು ಎಂದು ಸಮಾಧಾನ ಮಾಡಿಕೊಳ್ಳಬೇಡಿ. ಒಳಗಿನ ನೀರು ಕೋಣೆಗಿಂತ ಬಿಸಿ ಇರುವುದರಿಂದ ಓಡುತ್ತಿರುವ ಪಿಸಿಯ ಪೈಪು ಬೆವರುವುದಿಲ್ಲ. ಹನಿ ಎಂದರೆ ಸೋರಿಕೆ.

ಪಿಸಿಯ ಬಟನ್ ಹುಡುಕುತ್ತ ಕೂರದೆ ಗೋಡೆಯ ಸ್ವಿಚ್ ತೆಗೆಯಿರಿ, ಯುಪಿಎಸ್ ಇದ್ದರೆ ಅದನ್ನೂ. ಒದ್ದೆ ಕೈಯಲ್ಲಿ ಒಳಗೆ ಮುಟ್ಟಬೇಡಿ. ಕಾರ್ಡ್ ಕಳಚಿ, ಟಿಶ್ಯೂವಿನಿಂದ ಒತ್ತಿ ಹೀರಿಸಿ, ಐಸೊಪ್ರೊಪೈಲಿನಿಂದ ಒರೆಸಿ, ಫ್ಯಾನಿನ ಗಾಳಿಯಲ್ಲಿ ಎರಡು ದಿನ ಒಣಗಿಸಿ. ಬಿಸಿಲಿಗಿಡುವುದೂ ಬೇಡ, ಹೇರ್ ಡ್ರೈಯರೂ ಬೇಡ. ಪವರ್ ಸಪ್ಲೈ ಮೇಲೆ ಹನಿ ಬಿದ್ದಿದ್ದರೆ ಅದನ್ನು ಬಿಚ್ಚುವ ಸಾಹಸ ಮಾಡಬೇಡಿ, ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ ಪ್ರಾಣಕ್ಕೆ ಅಪಾಯವಾಗುವಷ್ಟು ವೋಲ್ಟೇಜ್ ಉಳಿದಿರುತ್ತದೆ. ಸೋರುವ ಜಾಗಕ್ಕೆ ಎಂ-ಸೀಲ್ ಮೆತ್ತಿ ಮತ್ತೆ ಓಡಿಸುವುದು ಕೆಲವೇ ಸಾವಿರದ ವಸ್ತು ಉಳಿಸಲು ಹತ್ತಾರು ಸಾವಿರದ ಕಾರ್ಡನ್ನು ಪಣಕ್ಕಿಟ್ಟಂತೆ.

ಕಸ್ಟಮ್ ಲೂಪ್ ಇದ್ದವರಿಗೆ: ಬೋರಿನ ನೀರು, ಆರ್‌ಒ ನೀರು ಎರಡೂ ಸಲ್ಲ. ಡಿಸ್ಟಿಲ್ಡ್ ನೀರಿಗೆ ತುಕ್ಕು ಮತ್ತು ಪಾಚಿ ತಡೆಯುವ ದ್ರವ ಸೇರಿಸಿ, ಇಲ್ಲವೇ ಸಿದ್ಧ ಕೂಲಂಟ್ ತನ್ನಿ. ತಾಮ್ರದ ಬ್ಲಾಕಿನ ಜೊತೆ ಅಲ್ಯೂಮಿನಿಯಂ ರೇಡಿಯೇಟರ್ ಸೇರಿಸಿದರೆ ಅಲ್ಯೂಮಿನಿಯಂ ಕರಗುತ್ತ ಹೋಗುತ್ತದೆ. ರೇಡಿಯೇಟರಿನ ಜಾಗ ಬದಲಿಸಿ ಪೈಪು ಬಿಚ್ಚಿ ಹಾಕಿದ ಪ್ರತಿ ಸಲವೂ ಪಂಪಿಗೆ ಮಾತ್ರ ವಿದ್ಯುತ್ ಕೊಟ್ಟು, ಪ್ರತಿ ಜೋಡಣೆಯ ಕೆಳಗೆ ಟಿಶ್ಯೂ ಇಟ್ಟು, ಒಂದು ರಾತ್ರಿಯಾದರೂ ಓಡಿಸಿ ನೋಡಿದ ಮೇಲೆ ಬೋರ್ಡಿಗೆ ವಿದ್ಯುತ್ ಕೊಡಿ.

## ಎಲ್ಲಿ ಕೈ ಬಿಡಬೇಕು

ಪಂಪ್ ಸೊನ್ನೆ ಆರ್‌ಪಿಎಂ ತೋರಿಸಿ ತಂತಿ ಬದಲಿಸಿದರೂ ತಿರುಗದಿದ್ದರೆ, ಕರಕರ ಸದ್ದು ಬಂದರೆ, ಸೋರಿದರೆ, ಒಂದು ಪೈಪು ಸುಟ್ಟು ಇನ್ನೊಂದು ತಣ್ಣಗಿದ್ದರೆ ಅಲ್ಲಿಗೆ ನಿಲ್ಲಿಸಿ. ಸೀಲ್ ಬಿಚ್ಚಿದರೆ ವಾರಂಟಿ ಹೋಗುತ್ತದೆ. ಬಹಳಷ್ಟು ಎಐಒಗಳಿಗೆ 3ರಿಂದ 6 ವರ್ಷದ ವಾರಂಟಿ ಇದೆ. ಬಿಲ್ಲು, ರೇಡಿಯೇಟರಿನ ಮೇಲಿನ ಸೀರಿಯಲ್ ನಂಬರಿನ ಫೋಟೊ, ಪಂಪಿನ ವೇಗ ಮತ್ತು ಆ ಮೂರು ಉಷ್ಣಾಂಶ ಒಟ್ಟಿಗೆ ಕಾಣುವ ಸ್ಕ್ರೀನ್‌ಶಾಟ್ ಇವಿಷ್ಟು ಕಳಿಸಿದರೆ "ಮೊದಲು ಪೇಸ್ಟ್ ಬದಲಿಸಿ ನೋಡಿ" ಎಂಬ ಉತ್ತರದಲ್ಲಿ ವಾರ ಕಳೆಯುವುದಿಲ್ಲ. ಬ್ಲಾಕಿಗೆ ಬೇಕಾದ ಬ್ರಾಕೆಟ್, ತಿರುಪು, ಫ್ಯಾನ್ ಕಳಿಸಬೇಕೋ ಬೇಡವೋ ಎಂದು ಕೇಳಿಯೇ ಡಬ್ಬಿ ಕಟ್ಟಿ. ಹೋದ ತಿರುಪು ವಾಪಸ್ ಬರುವುದು ಅಪರೂಪ.

ಕೊರಿಯರಿನಲ್ಲಿ ಹೋಗಿ ಬರುವ ಎರಡು ಮೂರು ವಾರಕ್ಕೆ 120 ಮಿ.ಮೀ. ಫ್ಯಾನಿನ, ನಾಲ್ಕು ಹೀಟ್‌ಪೈಪಿನ ಸಾದಾ ಏರ್ ಕೂಲರ್ ಒಂದನ್ನು ಹಾಕಿ, ಬಯೋಸಿನಲ್ಲಿ ಸಿಪಿಯುವನ್ನು 65 ವ್ಯಾಟಿಗೆ ಕಟ್ಟಿಹಾಕಿ. ಬಹಳಷ್ಟು ಆಟಗಳು ಅಷ್ಟರಲ್ಲೇ ಓಡುತ್ತವೆ. ಎಐಒ ವಾಪಸ್ ಬಂದ ಮೇಲೂ ಆ ಕೂಲರನ್ನು ಮಾರಬೇಡಿ.